ಪಾಂಡವಪುರ ಉಪವಿಭಾಗ: ಬೇಸಿಗೆ ಆರಂಭದ ಬಿಸಿಲು ಮತ್ತು ಹವಾಮಾನ ಮುನ್ನೋಟ (ಸಾರ್ವಜನಿಕರ ಮಾಹಿತಿಗಾಗಿ)

ಮಂಡ್ಯ ಜಿಲ್ಲೆಯ ಪಾಂಡವಪುರ ಕಂದಾಯ ಉಪವಿಭಾಗವು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ಈ ನಾಲ್ಕೂ ತಾಲ್ಲೂಕುಗಳು ರಾಜ್ಯದ ಕೃಷಿ ಹವಾಮಾನ ವಲಯಗಳ ಪೈಕಿ ದಕ್ಷಿಣ ಒಣ ವಲಯಕ್ಕೆ ಸೇರಿವೆ. ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿ ಇರುವುದರಿಂದ ಇಲ್ಲಿ ವರ್ಷದ ಮಳೆಯು ಸುಮಾರು 700 ಮಿ.ಮೀ. ಆಸುಪಾಸಿನಲ್ಲಿದ್ದು, ಕೊಡಗು ಮತ್ತು ಹಾಸನ ಜಿಲ್ಲೆಗಳ ಘಟ್ಟದ ಅಂಚಿನಲ್ಲಿ ಸುರಿಯುವ ಮಳೆಗೆ ಹೋಲಿಸಿದಲ್ಲಿ ತೀರ ಕಡಿಮೆ. ಬೇಸಿಗೆಯ ಮುನ್ಸೂಚನೆಯನ್ನು ಅರ್ಥೈಸಿಕೊಳ್ಳುವ ಬಗೆ, ಕೈಗೊಳ್ಳಬೇಕಾದ ಮುನ್ನೆಚ್ಚರಿಕೆ ಹಾಗೂ ಹಾನಿ ಸಂಭವಿಸಿದಲ್ಲಿ ಅರ್ಜಿ ಸಲ್ಲಿಸುವ ವಿಧಾನದ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

ಬಿಸಿಲಿನ ಅವಧಿ

ಉತ್ತರ ಭಾರತದಲ್ಲಿ ಮೇ ಮತ್ತು ಜೂನ್ ತಿಂಗಳುಗಳು ಅತಿ ಬಿಸಿಯಾಗಿದ್ದರೆ, ನಮ್ಮ ಭಾಗದಲ್ಲಿ ಬಿಸಿಲು ಅದಕ್ಕೂ ಮೊದಲೇ ತಾರಕಕ್ಕೇರುತ್ತದೆ. ಇದಕ್ಕೆ ಕಾರಣ ಅಕ್ಷಾಂಶ. ಏಪ್ರಿಲ್ ತಿಂಗಳ ನಾಲ್ಕನೇ ವಾರದಲ್ಲಿ ಸೂರ್ಯನು ಮಧ್ಯಾಹ್ನ ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ತಿಂಗಳಿನಲ್ಲಿ ಮತ್ತೊಮ್ಮೆ ಹಾಗೆಯೇ ಬಂದರೂ ಆ ವೇಳೆಗೆ ಮುಂಗಾರಿನ ಮೋಡ ಕವಿದಿರುವ ಕಾರಣ ಬಿಸಿಲಿನ ತಾಪ ತಿಳಿಯುವುದಿಲ್ಲ. ಆದುದರಿಂದ ಮಾರ್ಚ್ ಎರಡನೇ ವಾರದಿಂದ ಮೇ ಮೊದಲ ವಾರದವರೆಗಿನ ಅವಧಿಯನ್ನು ಹೆಚ್ಚು ಎಚ್ಚರ ಬೇಕಾದ ಅವಧಿಯೆಂದು ಪರಿಗಣಿಸತಕ್ಕದ್ದು. ಮೇಲುಕೋಟೆಯ ವೈರಮುಡಿ ಉತ್ಸವವೂ ಸಾಮಾನ್ಯವಾಗಿ ಇದೇ ಅವಧಿಯಲ್ಲಿ ಬರುತ್ತದೆ. ಉತ್ಸವ ರಾತ್ರಿ ನಡೆದರೂ ಭಕ್ತಾದಿಗಳು ಹಗಲಿನಲ್ಲಿಯೇ ಬೆಟ್ಟಕ್ಕೆ ಬಂದು ಸೇರುವುದರಿಂದ ಕುಡಿಯುವ ನೀರನ್ನು ಜೊತೆಯಲ್ಲಿ ತರುವುದು ಸೂಕ್ತ.

ಬಿಸಿಗಾಳಿಯ ಘೋಷಣೆ: ಗಮನಿಸಬೇಕಾದ ಅಂಶ

ಭಾರತ ಹವಾಮಾನ ಇಲಾಖೆಯ ಮಾನದಂಡದ ಪ್ರಕಾರ, ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶವು ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿದ್ದರೆ ಬಿಸಿಗಾಳಿಯೆಂದು ಪರಿಗಣಿಸಲಾಗುತ್ತದೆ. ಹೆಚ್ಚಳವು 6.4 ಡಿಗ್ರಿ ಮೀರಿದಲ್ಲಿ ಅದು ತೀವ್ರ ಬಿಸಿಗಾಳಿ. ವಾಡಿಕೆ ಏನೇ ಇರಲಿ, ಉಷ್ಣಾಂಶ 45 ಡಿಗ್ರಿ ಮುಟ್ಟಿದರೂ ಬಿಸಿಗಾಳಿಯೆಂದೇ ಲೆಕ್ಕ. ಈ ಸ್ಥಿತಿಯು ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಕಂಡುಬಂದ ನಂತರ, ಎರಡನೆಯ ದಿನ ಘೋಷಣೆ ಹೊರಬೀಳುತ್ತದೆ.

ಸಮುದ್ರಮಟ್ಟದಿಂದ ಸಾಕಷ್ಟು ಎತ್ತರದಲ್ಲಿರುವ ನಮ್ಮ ತಾಲ್ಲೂಕುಗಳಲ್ಲಿ ಏಪ್ರಿಲ್ ತಿಂಗಳ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 34ರಿಂದ 37 ಡಿಗ್ರಿಗಳ ನಡುವೆ ಇರುತ್ತದೆ. ಉಷ್ಣಾಂಶ 38 ಅಥವಾ 39 ಡಿಗ್ರಿಗೆ ಏರಿದ ದಿನವೂ ನಿಯಮದಂತೆ ಬಿಸಿಗಾಳಿಯ ದಿನವೆನಿಸುವುದಿಲ್ಲ. ಆದರೆ ಗದ್ದೆಯಲ್ಲಿ ಕಬ್ಬು ಕಡಿಯುವವರಿಗೆ, ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ಕಾಯಿಸುವವರಿಗೆ ಆ ದಿನ ಅಪಾಯಕಾರಿಯಲ್ಲವೆಂದು ಹೇಳಲಾಗದು. ಆಲೆಮನೆಯೊಳಗಿನ ಉರಿಯನ್ನು ಯಾವ ಹವಾಮಾನ ಕೇಂದ್ರವೂ ಅಳೆಯುವುದಿಲ್ಲ. ಆದ್ದರಿಂದ ಘೋಷಣೆ ಬಂದಿಲ್ಲವೆಂಬ ಕಾರಣಕ್ಕೆ ಮುನ್ನೆಚ್ಚರಿಕೆಯನ್ನು ಮುಂದೂಡಬಾರದೆಂದು ಸಾರ್ವಜನಿಕರಲ್ಲಿ, ವಿಶೇಷವಾಗಿ ಕೂಲಿಕಾರರನ್ನು ನೇಮಿಸಿಕೊಳ್ಳುವವರಲ್ಲಿ ಕೋರಲಾಗಿದೆ. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಕೆಲಸ ನಿಲ್ಲಿಸಿ, ಬೆಳಗಿನ ಜಾವ ಮತ್ತು ಸಂಜೆಗೆ ಹೊಂದಿಸಿಕೊಂಡಲ್ಲಿ ಕೂಲಿ ದಿನ ನಷ್ಟವಾಗುವುದಿಲ್ಲ.

ಮೈ ವಿಪರೀತ ಸುಡುವುದು, ಮಾತು ತೊದಲುವುದು, ದಿಕ್ಕು ತೋಚದಂತಾಗುವುದು ಅಥವಾ ಪ್ರಜ್ಞೆ ತಪ್ಪುವುದು ಬಿಸಿಲಿನ ಆಘಾತದ ಲಕ್ಷಣಗಳು. ಅಂತಹವರನ್ನು ಕೂಡಲೇ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡತಕ್ಕದ್ದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಕೂಡದು. ಕೇವಲ ಸುಸ್ತು, ಸ್ನಾಯು ಸೆಳೆತ ಇದ್ದವರಿಗೆ ಓ.ಆರ್.ಎಸ್. ದ್ರಾವಣ ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ಕೊಡಬಹುದು.

ನಾಲೆ ಬಯಲು ಮತ್ತು ಖುಷ್ಕಿ ಭೂಮಿ

ಜಿಲ್ಲೆಗೆ ಒಂದೇ ಅಂಕಿಯಾಗಿ ಪ್ರಕಟವಾಗುವ ಉಷ್ಣಾಂಶವು ನಾಲ್ಕು ತಾಲ್ಲೂಕುಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ, ಬೆಳಗೊಳ ಹಾಗೂ ಪಾಂಡವಪುರದ ಚಿನಕುರಳಿ ಭಾಗಗಳಲ್ಲಿ ವಿಶ್ವೇಶ್ವರಯ್ಯ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳಂತಹ ನೀರಾವರಿ ವ್ಯವಸ್ಥೆಯಿಂದಾಗಿ ಭತ್ತ ಮತ್ತು ಕಬ್ಬಿನ ಗದ್ದೆಗಳು ಹರಡಿಕೊಂಡಿವೆ. ಗದ್ದೆಗೆ ನೀರಿರುವಾಗ ಗಾಳಿಯಲ್ಲಿ ತೇವಾಂಶ ಹೆಚ್ಚಿ ಬೆವರು ಬೇಗ ಆರುವುದಿಲ್ಲ. 36 ಡಿಗ್ರಿ ಬಿಸಿಲು ದೇಹಕ್ಕೆ ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಾಗಿಯೇ ತಟ್ಟಬಹುದು. ರಾತ್ರಿಯ ಸೆಕೆಯೂ ಬೇಗ ಇಳಿಯುವುದಿಲ್ಲ. ನಾಗಮಂಗಲದ ಬೆಳ್ಳೂರು, ಬಿಂಡಿಗನವಿಲೆ, ದೇವಲಾಪುರ ಮತ್ತು ಕೃಷ್ಣರಾಜಪೇಟೆಯ ಸಂತೆಬಾಚಹಳ್ಳಿ ಕಡೆಯ ರಾಗಿ, ತೆಂಗಿನ ಖುಷ್ಕಿ ಸೀಮೆಯಲ್ಲಿ ಗಾಳಿ ಒಣಗಿದ್ದು ರಾತ್ರಿ ತಂಪಾಗುತ್ತದೆ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವ ಕಾರಣ ದೇಹದ ನೀರು ಕಡಿಮೆಯಾದದ್ದು ಅರಿವಿಗೆ ಬಾರದು. ಕುರಿ ಮೇಯಿಸುವವರು ಬಾಯಾರಿಕೆಗಾಗಿ ಕಾಯದೆ ಆಗಾಗ್ಗೆ ನೀರು ಕುಡಿಯಬೇಕೆಂಬುದು ಇದರಿಂದಲೇ.

ರೇಷ್ಮೆ ಹುಳು ಸಾಕಣೆ ಮಾಡುವವರಿಗೂ ಈ ವ್ಯತ್ಯಾಸ ಮುಖ್ಯವಾದುದು. ಖುಷ್ಕಿ ಸೀಮೆಯ ಸಾಕಣೆ ಮನೆಗಳ ಕಿಟಕಿಗೆ ಒದ್ದೆ ಗೋಣಿಚೀಲ ತೂಗುಹಾಕುವುದರಿಂದ ಅನುಕೂಲವಾಗುತ್ತದೆ. ನಾಲೆ ಬಯಲಿನ ಮನೆಗಳಲ್ಲಿ ಮತ್ತಷ್ಟು ತೇವ ಸೇರಿಸುವ ಬದಲು ಗಾಳಿ ಆಡುವಂತೆ ನೋಡಿಕೊಳ್ಳುವುದೇ ಮೇಲು. ಮಿಶ್ರತಳಿ ಹಸುಗಳು ಎರಡೂ ಕಡೆ ಬಿಸಿಲಿಗೆ ಬಳಲಿ ಹಾಲು ಕಡಿಮೆ ಮಾಡುತ್ತವೆ. ಕೊಟ್ಟಿಗೆಯ ತಗಡಿನ ಮೇಲೆ ತೆಂಗಿನ ಗರಿ ಹೊದಿಸುವುದು ಖರ್ಚಿಲ್ಲದ ಉಪಾಯವಾಗಿರುತ್ತದೆ.

ನೀರಿನ ವಿಚಾರದಲ್ಲಿ ಬೇಸಿಗೆಯ ಸ್ಥಿತಿಯು ಹಿಂದಿನ ಮುಂಗಾರನ್ನೇ ಅವಲಂಬಿಸಿದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿಗಳು. 2023ರಲ್ಲಿ ಮುಂಗಾರು ವಿಫಲವಾಗಿ ಜಲಾಶಯ ತುಂಬಲಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2025ರಲ್ಲಿ ಜೂನ್ ತಿಂಗಳಿನಲ್ಲಿಯೇ ಜಲಾಶಯ ಭರ್ತಿಯಾಯಿತು. ಸೆಕೆಯ ದಿನಗಳಲ್ಲಿ ನಾಲೆಗಳಿಗೆ ಈಜಲು ಇಳಿಯುವುದು ಅಪಾಯಕರವಾದುದರಿಂದ ಮಕ್ಕಳ ಮೇಲೆ ನಿಗಾ ಇಡತಕ್ಕದ್ದು.

ಗುಡುಗು ಮಳೆ

ಅಶ್ವಿನಿ, ಭರಣಿ ಮಳೆಗಳ ಕಾಲಕ್ಕೆ, ಅಂದರೆ ಏಪ್ರಿಲ್ ಮಧ್ಯಭಾಗದಿಂದ, ಮಧ್ಯಾಹ್ನದ ನಂತರ ಗುಡುಗು ಸಹಿತ ಮಳೆ ಆರಂಭವಾಗುತ್ತದೆ. ಭೂಮಿ ಹದಗೊಳಿಸಲು ರೈತರು ಎದುರುನೋಡುವ ಮಳೆ ಇದೇ ಆದರೂ, ಬಿರುಗಾಳಿ, ಆಲಿಕಲ್ಲು ಮತ್ತು ಸಿಡಿಲನ್ನೂ ತರುತ್ತದೆ. ಗುಡುಗು ಕೇಳಿಸಿದ ಕೂಡಲೇ ತೆಂಗಿನ ಮರ ಹಾಗೂ ಒಂಟಿ ಮರಗಳಿಂದ ದೂರ ಸರಿದು ಭದ್ರವಾದ ಕಟ್ಟಡ ಸೇರಬೇಕು. ಕಡೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ಹೋಬಳಿ ಮಟ್ಟದ ಮಾಹಿತಿಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಯಿಂದ ಪಡೆಯಬಹುದು. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಕೃಷಿ ಸಲಹೆಗಳಿಗೂ, ದಾಮಿನಿ ಆ್ಯಪ್ ಸಿಡಿಲಿನ ಎಚ್ಚರಿಕೆಗೂ ಉಪಯುಕ್ತ. ಇಲಾಖೆಯ ಬಣ್ಣದ ಸೂಚನೆಗಳಲ್ಲಿ ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ.

ಪರಿಹಾರಕ್ಕೆ ಅರ್ಜಿ

ರಾಜ್ಯ ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರ ಅವಧಿಯ ಕೇಂದ್ರದ ಪಟ್ಟಿಯಲ್ಲಿ ಆಲಿಕಲ್ಲು ಮಳೆ ಸೇರಿತ್ತು, ಬಿಸಿಗಾಳಿ ಸೇರಿರಲಿಲ್ಲ. ಸದರಿ ಅವಧಿಯ ಮಾನದಂಡದಂತೆ ಶೇ. 33 ಅಥವಾ ಹೆಚ್ಚಿನ ಬೆಳೆ ಹಾನಿಗೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000, ಬಹುವಾರ್ಷಿಕ ಬೆಳೆಗೆ ರೂ. 22,500ರಂತೆ ಗರಿಷ್ಠ 2 ಹೆಕ್ಟೇರಿಗೆ ಪರಿಹಾರ ನಿಗದಿಯಾಗಿತ್ತು. ನಂತರದ ಅವಧಿಯ ದರಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಹಾನಿಯಾದ ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಸಮೀಕ್ಷೆ ಮುಗಿಯುವವರೆಗೆ ಹೊಲವನ್ನು ಹಾಗೆಯೇ ಬಿಟ್ಟು ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ. ಪಹಣಿ, ಆಧಾರ್ ಹಾಗೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರ ಅಗತ್ಯ. ಪಹಣಿ ತಂದೆ ಅಥವಾ ತಾತನವರ ಹೆಸರಿನಲ್ಲಿಯೇ ಉಳಿದಿದ್ದಲ್ಲಿ ಹಣ ಜಮೆಯಾಗಲು ತೊಡಕುಂಟಾಗುವುದರಿಂದ, ಪೌತಿ ಖಾತೆಗೆ ಬೇಸಿಗೆಗೆ ಮುನ್ನವೇ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸುವಂತೆ ಸಲಹೆ ನೀಡಲಾಗಿದೆ. ಸಿಡಿಲಿನಿಂದ ಜಾನುವಾರು ಸತ್ತಲ್ಲಿ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸತಕ್ಕದ್ದು. ಪ್ರಾಣಹಾನಿಯಾದಲ್ಲಿ ಪೊಲೀಸ್ ವರದಿ ಮತ್ತು ಮರಣೋತ್ತರ ಪರೀಕ್ಷಾ ವರದಿಯೊಂದಿಗೆ ಸಂಬಂಧಪಟ್ಟ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು.