ಮದುವಣಗಿತ್ತಿಯ ಮುಡಿ: ತುರುಬು, ಜಡೆ ಮತ್ತು ಆಯ್ಕೆಯ ಪ್ರಶ್ನೆ

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳ ಗೋಡೆಯ ಮೇಲೆ ಇಂದಿಗೂ ಒಂದು ಬಗೆಯ ಭಾವಚಿತ್ರ ಕಾಣಸಿಗುತ್ತದೆ. ಮದುವಣಗಿತ್ತಿ ಛಾಯಾಗ್ರಾಹಕನ ಕಡೆಗೆ ಮುಖಮಾಡಿ ನಿಂತಿರುತ್ತಾಳೆ; ಅವಳ ಹಿಂದೆ ನಿಲುಗನ್ನಡಿಯೊಂದನ್ನು ಓರೆಯಾಗಿ ನಿಲ್ಲಿಸಿರುತ್ತಾರೆ. ಮುಖವೂ ಬೆನ್ನಿನ ಮೇಲಿಳಿದ ಮೊಗ್ಗಿನ ಜಡೆಯೂ ಒಂದೇ ಚೌಕಟ್ಟಿನೊಳಗೆ ಸೇರಲಿ ಎಂಬುದು ಅದರ ಉದ್ದೇಶ. ಇಂತಹ ಚಿತ್ರಗಳನ್ನು ನೋಡಿದವರಿಗೆ ಮದುಮಗಳ ಉದ್ದ ಜಡೆ ಅನಾದಿಯಾದುದು, ಶಾಸ್ತ್ರವಿಹಿತವಾದುದು ಎಂಬ ಭಾವನೆ ಮೂಡುವುದು ಸಹಜ. ಮದುವೆಯ ಸಿದ್ಧತೆಯ ಹೊತ್ತಿನಲ್ಲಿ ಮನೆಯ ಹಿರಿಯರು ‘ನಮ್ಮ ಸಂಪ್ರದಾಯ’ ಎಂದು ಹೇಳುವಾಗ ಅವರ ಮನಸ್ಸಿನಲ್ಲಿರುವುದೂ ಬಹುಮಟ್ಟಿಗೆ ಈ ಚಿತ್ರವೇ. ಆದರೆ ಆಕರಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಆ ಕಥೆಯ ಕೆಲವು ಎಳೆಗಳನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಪ್ರಯತ್ನ.

ಮೊದಲಿಗೆ ಪದಗಳನ್ನು ಗಮನಿಸಬಹುದು. ‘ಜಡೆ’ ಸಂಸ್ಕೃತದ ‘ಜಟಾ’ ಶಬ್ದದ ತದ್ಭವ. ಜಟೆಯಾದರೋ ತಪಸ್ವಿಗಳದು, ಶಿವನದು. ಎಣ್ಣೆ, ಬಾಚಣಿಗೆಗಳನ್ನು ತೊರೆದವರ ಲಕ್ಷಣ. ಸಂಸಾರವನ್ನು ಬಿಟ್ಟವರ ತಲೆಯ ಗುರುತನ್ನು ಹೇಳುತ್ತಿದ್ದ ಮಾತು ಕನ್ನಡದಲ್ಲಿ ಸಂಸಾರಕ್ಕೆ ಕಾಲಿಡುವವಳ ಶೃಂಗಾರದ ಹೆಸರಾಯಿತು ಎಂಬುದು ಭಾಷೆಯ ವಿನೋದಗಳಲ್ಲೊಂದು. ಕಾಳಿದಾಸನು ಕುಮಾರಸಂಭವದ ಐದನೆಯ ಸರ್ಗದಲ್ಲಿ, ಅಲಂಕೃತವಾದ ಕೇಶದಿಂದ ಹೇಗೋ ಹಾಗೆಯೇ ಜಟೆಯಿಂದಲೂ ಪಾರ್ವತಿಯ ಮುಖ ಮಧುರವಾಗಿಯೇ ಇತ್ತು ಎನ್ನುವಾಗ ಈ ಎರಡು ಸ್ಥಿತಿಗಳ ವೈದೃಶ್ಯವನ್ನೇ ನೆಚ್ಚಿದ್ದಾನೆ. ‘ಹೆರಳು’ ಎಂಬುದು ಅಚ್ಚಕನ್ನಡದ ಮಾತು, ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಳಕೆಯಲ್ಲಿದೆ. ಇನ್ನು ‘ಮುಡಿ’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕಟ್ಟುವುದು ಎಂಬ ಅರ್ಥ ಅದರ ಬೇರಿನಲ್ಲಿದೆ. ಕರಾವಳಿಯಲ್ಲಿ ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಯೂ ಮುಡಿಯೇ. ಹೂವನ್ನು ಮುಡಿಯುತ್ತೇವೆ, ಹರಕೆಗೆ ಮುಡಿಯನ್ನು ಒಪ್ಪಿಸುತ್ತೇವೆ. ಶೃಂಗಾರಕ್ಕೂ ತ್ಯಾಗಕ್ಕೂ ಒಂದೇ ಮಾತು ಸಲ್ಲುತ್ತದೆ.

ಹೆಣೆದು ಇಳಿಬಿಟ್ಟ ಕೂದಲಿಗೆ ಸಂಸ್ಕೃತ ಕಾವ್ಯಪರಂಪರೆಯಲ್ಲಿದ್ದ ಅರ್ಥ ಇನ್ನೂ ಕುತೂಹಲಕರವಾದುದು. ‘ಏಕವೇಣಿ’ ಅಲ್ಲಿ ವಿರಹಿಣಿಯ ಲಕ್ಷಣ. ಅಶೋಕವನದ ಸೀತೆ ಏಕವೇಣಿಯನ್ನು ಧರಿಸಿದವಳು. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನಿಗೆ ಮತ್ತೆ ಎದುರಾಗುವ ಶಕುಂತಲೆಯೂ ಹಾಗೆಯೇ. ಮೇಘದೂತದ ಯಕ್ಷಪತ್ನಿ ಕಟ್ಟಿಕೊಂಡ ಒಂಟಿ ಹೆಣಿಗೆಯನ್ನು ಶಾಪ ಮುಗಿದ ಮೇಲೆ ಗಂಡನೇ ಬಿಡಿಸಬೇಕು. ಹೂವಿಲ್ಲದ, ಬಿಡಿಸದ, ಒಂದೇ ಹೆಣಿಗೆ ಎಂದರೆ ಪತಿಯಿಂದ ಅಗಲಿಕೆ ಎಂದು ಆ ಕಾಲದ ಓದುಗನಿಗೆ ವಿವರಿಸಬೇಕಾಗಿರಲಿಲ್ಲ. ಇದಕ್ಕೆ ಪ್ರತಿಯಾಗಿ ಕುಮಾರಸಂಭವದ ಏಳನೆಯ ಸರ್ಗದಲ್ಲಿ ಮದುವೆಯ ದಿನ ಪಾರ್ವತಿಯನ್ನು ಸಿಂಗರಿಸುವ ಸ್ತ್ರೀಯರು ಒದ್ದೆಗೂದಲನ್ನು ಧೂಪದ ಬಿಸಿಯಿಂದ ಆರಿಸುತ್ತಾರೆ, ಒಳಗೆ ಹೂವಿರಿಸುತ್ತಾರೆ, ಗರಿಕೆ ಸೇರಿಸಿ ಕಟ್ಟಿದ ಬಿಳಿಯ ಹಿಪ್ಪೆಹೂವಿನ ಮಾಲೆಯನ್ನು ಅದಕ್ಕೆ ಸುತ್ತಿ ಬಿಗಿಯುತ್ತಾರೆ. ಅದು ಕಟ್ಟು, ಹೆಣಿಗೆಯಲ್ಲ. ಇದೇ ಶಿವಪಾರ್ವತಿಯರ ವಿವಾಹವನ್ನು ಹರಿಹರನು ಗಿರಿಜಾಕಲ್ಯಾಣದಲ್ಲಿ ಕನ್ನಡಕ್ಕೆ ಒಗ್ಗಿಸಿದನು. ಪಂಪನ ವಿಕ್ರಮಾರ್ಜುನ ವಿಜಯದಲ್ಲಂತೂ (ಕ್ರಿ.ಶ. 941) ದ್ರೌಪದಿಯ ಬಿಚ್ಚಿದ ಮುಡಿ ಮಹಾಯುದ್ಧದ ಕಾರಣವಾಗಿ, ಭೀಮನು ಅದನ್ನು ಕಟ್ಟುವುದು ಅದರ ಫಲವಾಗಿ ನಿಲ್ಲುತ್ತದೆ. ಕಟ್ಟಿದ ಮುಡಿ ಸುಮಂಗಲಿಯ ನೆಲೆ, ಬಿಚ್ಚಿದ್ದು ಅವಮಾನದ ನೆಲೆ ಎಂಬ ಗ್ರಹಿಕೆ ಇಲ್ಲಿ ಸ್ಪಷ್ಟವಾಗಿದೆ. ಈ ಗ್ರಹಿಕೆಯನ್ನು ಪೂರ್ತಿಯಾಗಿ ಧಿಕ್ಕರಿಸಿದವಳು ಅಕ್ಕಮಹಾದೇವಿ. ತನ್ನನ್ನು ಚೆನ್ನಮಲ್ಲಿಕಾರ್ಜುನನ ಮದುವಣಗಿತ್ತಿಯೆಂದು ಕರೆದುಕೊಂಡ ಈಕೆಯನ್ನು ನಾಡಿನ ನೆನಪು ಬಿಚ್ಚಿದ ಕೂದಲನ್ನೇ ಉಡುಗೆಯಾಗಿ ಹೊದ್ದ ಕೇಶಾಂಬರೆಯಾಗಿ ಉಳಿಸಿಕೊಂಡಿದೆ.

ಶಾಸ್ತ್ರದ ಮಾತೆಂದರೆ ಗೃಹ್ಯಸೂತ್ರಗಳನ್ನು ನೋಡಬೇಕು. ಋಗ್ವೇದದ ವಿವಾಹಸೂಕ್ತ (10.85) ಸೂರ್ಯೆಯ ಮದುವೆಯ ವರ್ಣನೆಯಲ್ಲಿ ‘ಕುರೀರ’, ‘ಓಪಶ’ ಎಂಬ ತಲೆಯ ಅಲಂಕಾರಗಳನ್ನು ಹೆಸರಿಸುತ್ತದೆ. ಅವುಗಳ ನಿಖರ ರೂಪದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಶ್ವಲಾಯನ ಗೃಹ್ಯಸೂತ್ರವು ವಧುವಿನ ತಲೆಯ ಎರಡು ಪಕ್ಕಗಳಲ್ಲಿ ಉಣ್ಣೆಯ ಎಳೆಗಳಿಂದ ಕಟ್ಟಿದ ಶಿಖೆಗಳಿದ್ದರೆ, ಸಪ್ತಪದಿಗೆ ಮುನ್ನ ವರನು ಅವನ್ನು ಬಿಚ್ಚಬೇಕೆಂದು ಹೇಳುತ್ತದೆ. ವರುಣನ ಪಾಶದಿಂದ ನಿನ್ನನ್ನು ಬಿಡಿಸುತ್ತೇನೆ ಎಂಬರ್ಥದ ಮಂತ್ರ ಅದಕ್ಕೆ ವಿನಿಯೋಗವಾಗಿದೆ. ಕಟ್ಟುವುದಲ್ಲ, ಬಿಚ್ಚುವುದೇ ಇಲ್ಲಿ ವಿಧಿ. ತವರಿನ ಕಟ್ಟು ಕಳಚಿತು ಎಂಬುದರ ಸಂಕೇತವಾಗಿ ಇದನ್ನು ಓದಬಹುದೆಂದು ತೋರುತ್ತದೆ. ಮುಂದೆ ಸೀಮಂತದಲ್ಲಿ ಗಂಡನು ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆಯನ್ನು ತೆಗೆಯುತ್ತಾನೆ. ಬೆನ್ನಿನ ಉದ್ದಕ್ಕೂ ಇಳಿಯುವ ಹೂಜಡೆಯ ಪ್ರಸ್ತಾಪ ಈ ಎರಡೂ ವಿಧಿಗಳಲ್ಲಿಲ್ಲ. ‘ಶಾಸ್ತ್ರಕ್ಕೆ ಜಡೆಯೇ ಬೇಕು’ ಎಂಬ ಮಾತಿಗೆ ಸೂತ್ರಗಳ ಬೆಂಬಲ ದೊರೆಯದು.

ಶಿಲ್ಪದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯ ಬೋದಿಗೆಗಳ ಮೇಲಿನ ದಂಪತಿಗಳಲ್ಲಾಗಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಾಗಲಿ ಪ್ರಧಾನವಾಗಿ ಕಾಣುವುದು ಕಟ್ಟಿದ ತುರುಬು. ಲೇಪಾಕ್ಷಿಯ ವಿಜಯನಗರ ಕಾಲದ ಭಿತ್ತಿಚಿತ್ರಗಳಲ್ಲಿಯೂ ಸ್ತ್ರೀಯರ ತಲೆಯ ಹಿಂದೆ ದೊಡ್ಡ ತುರುಬೇ ಎದ್ದು ತೋರುತ್ತದೆ. ಮದನಿಕೆಯರು ಮದುಮಕ್ಕಳಲ್ಲ, ಶಿಲ್ಪಿಯ ಆದರ್ಶ ದಿನಬಳಕೆಯ ದಾಖಲೆಯೂ ಅಲ್ಲ ಎಂಬ ಎಚ್ಚರ ಇಲ್ಲಿ ಅಗತ್ಯ. ಜಡೆ ಇರಲೇ ಇಲ್ಲವೆಂದೂ ಇದರಿಂದ ಸಿದ್ಧವಾಗದು. ಆದರೆ ಸೌಂದರ್ಯದ ಮೇಲ್ಪಂಕ್ತಿ ತುರುಬಾಗಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಹೂವಿನ ಸಮೃದ್ಧಿಯಂತೂ ನಿರಂತರವಾದುದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮಾಲ್ಯೋಪಭೋಗಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು, ಈ ಜನರಿಗೆ ಗುಲಾಬಿ ಅನ್ನದಷ್ಟೇ ಅವಶ್ಯಕವೆಂದು ಬೆರಗಿನಿಂದ ಬರೆದನು.

ಹಾಗಾದರೆ ಮೊಗ್ಗಿನ ಜಡೆ? ಅದು ಹಳೆಯ ಮೈಸೂರು ಸೀಮೆಯಲ್ಲಿ ಪ್ರೌಢವಾಗಿ ಬೆಳೆದ ಒಂದು ಗೃಹಕಲೆ. ಮದುವೆಗೆ ಮಾತ್ರವಲ್ಲ, ಹುಡುಗಿ ಮೈನೆರೆದಾಗ, ಸೀಮಂತದಲ್ಲಿ, ನವರಾತ್ರಿಯಲ್ಲಿ ಕೂಡ ಹಾಕುತ್ತಿದ್ದರು. ಇದರ ಕೆಲಸ ಬೆಳಗಿನಲ್ಲಿಯೇ ಮೊದಲಾಗಬೇಕು. ಏಕೆಂದರೆ ದುಂಡುಮಲ್ಲಿಗೆಯ ಮೊಗ್ಗು ಸಂಜೆಗೆ ಅರಳುವಂಥದು. ಬಿರಿದ ಹೂವು ಸೂಜಿಗೆ ನಿಲ್ಲುವುದಿಲ್ಲ. ಒಂದೇ ಅಳತೆಯ ಮೊಗ್ಗುಗಳನ್ನು ಆರಿಸಿ, ಬಾಳೆಯ ಪಟ್ಟೆಯನ್ನು ಜಡೆಯ ಉದ್ದಕ್ಕೆ ಸೀಳಿಕೊಂಡು, ಅದರ ಮೇಲೆ ಸಾಲುಸಾಲಾಗಿ ಸೂಜಿದಾರದಿಂದ ಹೊಲಿಯುತ್ತಾರೆ. ನಡುನಡುವೆ ಕನಕಾಂಬರ, ಮರುಗ. ಹೊಲಿದ ಪಟ್ಟೆಯನ್ನು ಹೆಣೆದ ಜಡೆಯ ಮೇಲೆ ಕಟ್ಟಿ, ನೆತ್ತಿಯ ಹಿಂದೆ ರಾಗಟೆ, ಅದರ ಕೆಳಗೆ ನಾಗರ, ಜಡೆಬಿಲ್ಲೆಗಳು, ತುದಿಗೆ ಕುಚ್ಚು. ಮುಹೂರ್ತದಲ್ಲಿ ಬಿಗಿದ ಮೊಗ್ಗಾಗಿದ್ದ ಜಡೆ ಸಂಜೆಯ ಆರತಿಯ ಹೊತ್ತಿಗೆ ತಾನಾಗಿ ಅರಳಿ ಮನೆಯಿಡೀ ಪರಿಮಳಿಸುತ್ತಿತ್ತು ಎಂಬುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಮಲ್ಲಿಗೆ ಹೇರಳವಾಗಿ ಬಿಡುವ ಕಾಲವೂ ವೈಶಾಖದ ಲಗ್ನಗಳ ಕಾಲವೂ ಒಂದೇ ಆದುದು ಈ ಕಲೆಯ ಏಳಿಗೆಗೆ ದೊಡ್ಡ ಕಾರಣವಾಗಿರಬೇಕು. ನೆರೆಯ ಹೆಂಗಸರಲ್ಲಿ ಕೈ ಪಳಗಿದವರು ಗಂಟೆಗಟ್ಟಲೆ ಕುಳಿತು ಮಾಡುತ್ತಿದ್ದ ಈ ಕೆಲಸಕ್ಕೆ ಕೂಲಿಯ ಲೆಕ್ಕವಿರಲಿಲ್ಲ, ಅರಿಸಿನ ಕುಂಕುಮದ ಮರ್ಯಾದೆಯಿತ್ತು. ಆದಕಾರಣವೇ ಇದು ಯಾವ ಕಡತದಲ್ಲಿಯೂ ದಾಖಲಾಗಲಿಲ್ಲ.

ನಾಡಿನ ಬೇರೆ ಭಾಗಗಳು ಬೇರೆ ದಾರಿ ಹಿಡಿದವು. ಉತ್ತರ ಕರ್ನಾಟಕದಲ್ಲಿ ಹಣೆಗೆ ಕಟ್ಟುವ ಬಾಸಿಂಗ ಮತ್ತು ದಂಡೆಗಳೇ ವಧುವಿನ ಗುರುತು. ಅವುಗಳ ಮುಂದೆ ಕೂದಲ ವಿನ್ಯಾಸ ಗೌಣ. ಉತ್ತರ ಕನ್ನಡದಲ್ಲಿ ಅಬ್ಬಲಿಗೆಯ ದಂಡೆ, ಉಡುಪಿಯಲ್ಲಿ ಶಂಕರಪುರದ ಮಲ್ಲಿಗೆ. ಅಲ್ಲಿ ಹೂವಿನ ಅಳತೆ ಮೊಳವಲ್ಲ, ಚೆಂಡು ಮತ್ತು ಅಟ್ಟೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೊಡವ ವಧುವಿನ ತಲೆಯನ್ನು ಕೆಂಪು ವಸ್ತ್ರ ಆವರಿಸುವುದರಿಂದ ಅಲ್ಲಿ ಜಡೆಯ ಪ್ರಶ್ನೆಯೇ ಮುಂದಾಗದು. ‘ಕನ್ನಡದ ಮದುಮಗಳು’ ಎಂದೊಡನೆ ಮೊಗ್ಗಿನ ಜಡೆಯನ್ನಷ್ಟೇ ಚಿತ್ರಿಸುವುದು ಒಂದು ಸೀಮೆಯ ರೂಢಿಯನ್ನು ಇಡೀ ನಾಡಿಗೆ ಹೊದಿಸಿದಂತೆ.

ಆ ಭಾವಚಿತ್ರಗಳಿಗೆ ಮರಳೋಣ. ಅವುಗಳಲ್ಲಿ ಹಳೆಯವನ್ನು ಸೂಕ್ಷ್ಮವಾಗಿ ನೋಡಿದರೆ ಮದುಮಗಳ ಪ್ರಾಯ ಕಣ್ಣಿಗೆ ಹೊಡೆಯುತ್ತದೆ. ಮೈಸೂರು ಸಂಸ್ಥಾನವು 1894ರಲ್ಲಿ ಶಿಶುವಿವಾಹ ಪ್ರತಿಬಂಧಕ ನಿಬಂಧನೆಯನ್ನು ತಂದಾಗ ನಿಷೇಧವಾದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ. ಅಷ್ಟಕ್ಕೇ ಪ್ರಬಲವಾದ ವಿರೋಧವಿತ್ತು. ಬ್ರಿಟಿಷ್ ಭಾರತದಲ್ಲಿ 1930ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಾರದಾ ಕಾಯಿದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ಒಂಬತ್ತು ಹತ್ತು ವರ್ಷದ ಬಾಲೆಗೆ ಮೊಣಕಾಲು ಮುಟ್ಟುವ ಜಡೆ ಎಲ್ಲಿಂದ ಬರಬೇಕು? ಚೌರಿ ಸೇರಿಸಿ, ಬಾಳೆಪಟ್ಟೆಯ ಆಧಾರ ಕೊಟ್ಟು, ಹೂವಿನ ಭಾರವನ್ನು ಅವಳ ನೆತ್ತಿಯಿಂದ ತೂಗುಬಿಡುತ್ತಿದ್ದರು. ಆಯ್ಕೆ ಅವಳದಾಗಿರಲಿಲ್ಲ, ಬೆನ್ನ ಹಿಂದಿನ ಜಡೆಯನ್ನು ಅವಳು ಕಾಣುವಂತೆಯೂ ಇರಲಿಲ್ಲ. ಬೇಲೂರಿನ ದರ್ಪಣಸುಂದರಿ ತನ್ನ ಕನ್ನಡಿಯನ್ನು ತಾನೇ ಹಿಡಿದಿದ್ದಾಳೆ. ಸ್ಟುಡಿಯೋದ ಕನ್ನಡಿಯಾದರೋ ಹುಡುಗಿಯ ಹಿಂದೆ ಇತ್ತು, ನೋಡುವವರಿಗಾಗಿ ಇತ್ತು.

ಇದೇ ತಲೆಯ ಮೇಲೆ ಇನ್ನೊಂದು ವಿಧಿಯ ನೆರಳೂ ಇತ್ತು. ಕೆಲವು ಮೇಲುಜಾತಿಗಳಲ್ಲಿ ಗಂಡ ಸತ್ತರೆ ಹೆಣ್ಣಿನ ಕೂದಲನ್ನು ಪೂರ್ತಿಯಾಗಿ ತೆಗೆಸುತ್ತಿದ್ದರು. ಅದೂ ಒಮ್ಮೆಯಲ್ಲ, ಬದುಕಿರುವವರೆಗೂ ಮತ್ತೆ ಮತ್ತೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976), ಅದನ್ನಾಧರಿಸಿ ಪ್ರೇಮಾ ಕಾರಂತರು ನಿರ್ದೇಶಿಸಿದ ಚಲನಚಿತ್ರ (1983) ಈ ಕ್ರೌರ್ಯವನ್ನು ಕನ್ನಡಿಗರ ಮುಂದಿಟ್ಟವು. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣಿನ ಕಥೆ ಅದು. ಮದುವೆಯ ಜಡೆಯ ವೈಭವವನ್ನು ಬಣ್ಣಿಸುವ ಬರಹಗಳು ಸಾಮಾನ್ಯವಾಗಿ ಈ ಅಧ್ಯಾಯವನ್ನು ಬಿಟ್ಟುಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಬರೆಯುವಂತಿಲ್ಲ. ಅಷ್ಟು ಹೂವು ಹೊಲಿದದ್ದು ಆ ಕೂದಲು ಅವಳದಲ್ಲ, ಅವಳ ಸೌಭಾಗ್ಯದ್ದು ಎಂದು ನಂಬಿದ ಸಮಾಜ. ಸೌಭಾಗ್ಯ ಹೋದ ದಿನ ಅದನ್ನು ಮರಳಿ ಪಡೆಯುವ ಹಕ್ಕೂ ತನ್ನದೇ ಎಂದು ಆ ಸಮಾಜ ತಿಳಿದಿತ್ತು.

ವಧು ತನ್ನ ಮುಡಿಯನ್ನು ತಾನೇ ನಿರ್ಧರಿಸುವುದು ಈ ಹಿನ್ನೆಲೆಯಲ್ಲಿ ತೀರ ಇತ್ತೀಚಿನ ಸಂಗತಿ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿಯಂತೆ 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ನಡೆದ ಮೇಲೆ, ಆಡಂಬರವನ್ನು ಬಿಟ್ಟೂ ಮದುವೆಯಾಗಬಹುದೆಂಬ ಮಾದರಿಯೊಂದು ನಾಡಿನ ಮುಂದಿತ್ತು. 1978ರ ತಿದ್ದುಪಡಿಯಿಂದ ಹೆಣ್ಣಿನ ವಿವಾಹದ ವಯಸ್ಸು ಹದಿನೆಂಟಾಯಿತು. ಪಟ್ಟಣಗಳಲ್ಲಿ ಬ್ಯೂಟಿ ಪಾರ್ಲರುಗಳು ಹೆಚ್ಚಿದಂತೆ ನೆರೆಮನೆಯ ಹೆಂಗಸಿನ ಸೂಜಿದಾರದ ಕೆಲಸ ಸಂಭಾವನೆಯ ವೃತ್ತಿಯಾಯಿತು. ಈಗ ಮುಹೂರ್ತಕ್ಕೆ ಜಡೆ, ಆರತಕ್ಷತೆಗೆ ತುರುಬು ಎಂಬುದು ನಗರಗಳಲ್ಲಿ ಬಹುಮಟ್ಟಿಗೆ ರೂಢಿ. ಆರತಕ್ಷತೆಯ ತುರುಬನ್ನು ‘ಹೊಸ ಫ್ಯಾಷನ್’ ಎಂದು ಹಿರಿಯರು ಮೂಗು ಮುರಿಯುವುದುಂಟು. ಎರಡರಲ್ಲಿ ಹಳೆಯದು ಅದೇ ಎಂದು ಬೇಲೂರಿನ ಕಲ್ಲು ಹೇಳುತ್ತಿರುವುದು ಅವರ ಗಮನಕ್ಕೆ ಬಂದಂತಿಲ್ಲ. ಚೌರಿ, ಸಿದ್ಧಪಡಿಸಿದ ಹೂಜಡೆಗಳು ಬಾಡಿಗೆಗೂ ದೊರೆಯುತ್ತವೆ; ಕೆಲವು ಪ್ಲಾಸ್ಟಿಕ್ ಮೊಗ್ಗಿನವು, ಅವು ಸಂಜೆಗೆ ಅರಳುವುದಿಲ್ಲ. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಹುಡುಗಿ ಹಾಗೆಯೇ ಹಸೆಮಣೆ ಏರುವುದೂ ಅಪರೂಪವಾಗಿ ಕಂಡುಬರುತ್ತಿದೆ.

ಸಂಶೋಧಕರ ಮುಂದಿರುವ ತುರ್ತು ಕೆಲಸ ಬೇರೊಂದಿದೆ. ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದ ಕೈಗಳಲ್ಲಿ ಕೆಲವು ಇನ್ನೂ ನಮ್ಮ ನಡುವೆ ಇವೆ. ಅವರ ಹೊಲಿಗೆಯ ಬಗೆಗಳು, ಅವುಗಳಿಗಿದ್ದ ಮನೆಮಾತಿನ ಹೆಸರುಗಳು, ಹಾಡಿಕೊಳ್ಳುತ್ತಿದ್ದ ಹಾಡುಗಳು ದಾಖಲಾಗಬೇಕು. ಮನೆಗಳಲ್ಲಿ ಉಳಿದಿರುವ ಭಾವಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಜಡೆಯ ರೂಪಾಂತರವನ್ನು ದಶಕದಿಂದ ದಶಕಕ್ಕೆ ಗುರುತಿಸಬಹುದು. ತೊಡಕೆಂದರೆ, ಇಂತಹ ಚಿತ್ರಗಳನ್ನು ಹಿಂದುಮುಂದಾಗಿ ತಿರುಗಿಸಿದಾಗ ಅನೇಕ ವೇಳೆ ಸಿಗುವುದು ಸ್ಟುಡಿಯೋದ ಮುದ್ರೆ ಮಾತ್ರ. ಮದುಮಗಳ ಹೆಸರೂ ಇರುವುದಿಲ್ಲ, ಜಡೆ ಹಾಕಿದವಳ ಹೆಸರೂ ಇರುವುದಿಲ್ಲ.