ಹಲಸೂರು ಕೆರೆದಂಡೆಯ ವಾಡಿಕೆ

ಕಡಲಿಲ್ಲದ ಬೆಂಗಳೂರು ದಂಡು ಪ್ರದೇಶಕ್ಕೆ ಹಲಸೂರು ಕೆರೆಯ ದಡವೇ ಕಡಲತೀರ. ನೀರಂಚಿನ ನಡವಳಿಕೆ ನಾಡಿನಿಂದ ನಾಡಿಗೆ ಬೇರೆ. ಫ್ರೆಂಚರು ಟವೆಲ್ ಹಾಸಿ, ಪುಸ್ತಕ ಹಿಡಿದು ಬಿಸಿಲಿಗೆ ಮೈಯೊಡ್ಡುತ್ತಾರೆ. ಬ್ರೆಜಿಲಿನ ಕೊಪಕಬಾನಾದಲ್ಲಿ ಚೆಂಡಾಟ, ಹರಟೆ, ತಿಂಡಿ ಮಾರುವವರ ಕೂಗು. ಹಲಸೂರಿನಲ್ಲಿ ಅಂಥ ವ್ಯತ್ಯಾಸ ಒಂದೇ ದಡದಲ್ಲಿ ಕಂಡಿತು. 1809ರಲ್ಲಿ ಬ್ರಿಟಿಷರ ದಂಡು ನೆಲೆಯಾದ ಮೇಲೆ ಬಂದ ಯುರೋಪಿಯನ್ನರಿಗೆ ಕೆರೆ ವಿಹಾರದ ಜಾಗ. ಊರವರಿಗೆ ಬದುಕಿನ, ಪೂಜೆಯ ನೀರು. ಈ ಎರಡನೆಯದೇ ಹೆಚ್ಚು ಆಳವಾಗಿ ಉಳಿದಿದೆ. ಗಣೇಶ ವಿಸರ್ಜನೆಯ ಸಂಜೆ ಮನೆಮಂದಿ ದಡದ ಕಲ್ಯಾಣಿಯ ಬಳಿ ಚಪ್ಪಲಿ ಬಿಟ್ಟು, ಕರ್ಪೂರ ಬೆಳಗಿ, ಗಣಪನನ್ನು ಮೂರು ಸಲ ಅದ್ದಿ ಬಿಡುತ್ತಾರೆ. ಬರಿದಾದ ಮಣೆಯ ಮೇಲೆ ಹಿಡಿ ಮಣ್ಣು ಮನೆಗೆ ಮರಳುತ್ತದೆ. ಉಳಿದ ದಿನ ದೋಣಿವಿಹಾರ, ನಡಿಗೆ. ಬಿಸಿಲಿಗೆ ಮಲಗುವವರಿಲ್ಲ, ಮರದ ನೆರಳಿನ ಬೆಂಚುಗಳೇ ಮೊದಲು ತುಂಬುತ್ತವೆ.