ಹ್ಯಾಲೋಆಲ್ಕೇನ್: ರಚನೆ ಮತ್ತು ಕ್ರಿಯೆಗಳ ಇತಿಹಾಸ

ಆಲ್ಕೇನಿನ ಹೈಡ್ರೋಜನ್ ಜಾಗದಲ್ಲಿ ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಸೇರಿದ ಸಂಯುಕ್ತಗಳಿಗೆ ಹ್ಯಾಲೋಆಲ್ಕೇನ್ ಎಂದು ಹೆಸರು. ಇವುಗಳಲ್ಲಿ ಹೆಸರುವಾಸಿಯಾದ ಕ್ಲೋರೋಫಾರ್ಮ್ 1831ರ ಸುಮಾರಿಗೆ ಮೂರು ಕಡೆ ಬೇರೆಬೇರೆಯಾಗಿ ತಯಾರಾಯಿತು: ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಗಥ್ರಿ, ಫ್ರಾನ್ಸಿನಲ್ಲಿ ಸೂಬೀರಾನ್, ಜರ್ಮನಿಯಲ್ಲಿ ಲೀಬಿಗ್. ಮೊದಲಿಗ ಯಾರೆಂಬ ಜಗಳ ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೆ ಕ್ಲೋರೋಫಾರ್ಮ್ ಏನೆಂದು ಮೂವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಲೀಬಿಗ್ ಹೈಡ್ರೋಜನ್ನನ್ನೇ ಲೆಕ್ಕದಿಂದ ಬಿಟ್ಟಿದ್ದ. 1834ರಲ್ಲಿ ಡ್ಯೂಮಾ ಸರಿಯಾದ ಸಂಯೋಜನೆ ಕೊಟ್ಟು ಹೆಸರನ್ನೂ ಇಟ್ಟ. ಹ್ಯಾಲೋಆಲ್ಕೇನುಗಳನ್ನು ಬಳಸುವ ವುರ್ಟ್ಸ್ ಕ್ರಿಯೆ (1855) ಮತ್ತು ಗ್ರಿನ್ಯಾರ್ ಕಾರಕ (1900) ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಬಂದಿವೆ.

ಹೆಚ್ಚು ಗೊಂದಲಕ್ಕೆ ಒಳಗಾದದ್ದು ವಾಲ್ಡೆನ್ ವಿಲೋಮ. 1896ರಲ್ಲಿ ರೀಗಾದ ಪೌಲ್ ವಾಲ್ಡೆನ್ ಎಡಕ್ಕೆ ಬೆಳಕು ತಿರುಗಿಸುವ ಮ್ಯಾಲಿಕ್ ಆಮ್ಲಕ್ಕೆ ಫಾಸ್ಫರಸ್ ಪೆಂಟಾಕ್ಲೋರೈಡ್ ಬೆರೆಸಿ ಕ್ಲೋರೋಸಕ್ಸಿನಿಕ್ ಆಮ್ಲ ಪಡೆದ. ಅದಕ್ಕೆ ತೇವದ ಬೆಳ್ಳಿ ಆಕ್ಸೈಡ್ ಹಾಕಿದಾಗ ಬಂದದ್ದು ಬಲಕ್ಕೆ ತಿರುಗಿಸುವ ಮ್ಯಾಲಿಕ್ ಆಮ್ಲ. ಎರಡು ಹಂತಗಳಲ್ಲಿ ಯಾವುದೋ ಒಂದರಲ್ಲಿ ಅಣುವಿನ ಜೋಡಣೆ ಕನ್ನಡಿ ಬಿಂಬದಂತೆ ಮಗುಚಿದೆ, ಯಾವುದರಲ್ಲಿ? ತಿರುಗುವ ದಿಕ್ಕು ಅಣುವಿನ ಆಕಾರವನ್ನು ನೇರವಾಗಿ ಹೇಳುವುದಿಲ್ಲ, ಹಾಗಾಗಿ ಆಗ ಉತ್ತರವಿರಲಿಲ್ಲ. ವಾಲ್ಡೆನ್ನನೇ ಇದನ್ನು ಬಿಡಿಸಿದನೆಂಬಂತೆ ಬರೆಯುವ ಪುಸ್ತಕಗಳು ನಡುವಿನ ಸುಮಾರು ನಲವತ್ತು ವರ್ಷಗಳನ್ನು ಹಾರಿಸುತ್ತವೆ. 1923ರಲ್ಲಿ ರಸಾಯನಶಾಸ್ತ್ರಜ್ಞರಾದ ಕೆನ್ಯನ್ ಮತ್ತು ಫಿಲಿಪ್ಸ್, ಅಸಮ ಕಾರ್ಬನ್ನಿನ (ನಾಲ್ಕು ಬೇರೆಬೇರೆ ಗುಂಪುಗಳಿರುವ ಕಾರ್ಬನ್) ಬಂಧ ಒಂದೇ ಬಾರಿ ಮುರಿಯುವ ಹಾದಿ ಹಿಡಿದು, ಮಗುಚುವ ಹಂತವನ್ನು ಗುರುತಿಸಿದರು.

ಕೊನೆಯ ಪುರಾವೆ ಬಂದದ್ದು 1935ರಲ್ಲಿ. ರಸಾಯನಶಾಸ್ತ್ರಜ್ಞ ಹ್ಯೂಸ್ ಮತ್ತು ಸಂಗಡಿಗರು 2-ಅಯೋಡೋಆಕ್ಟೇನನ್ನು ವಿಕಿರಣಶೀಲ ಅಯೋಡೈಡಿನೊಂದಿಗೆ ಬೆರೆಸಿ ಎರಡು ವೇಗಗಳನ್ನು ಅಳೆದರು: ಅಯೋಡಿನ್ ಬದಲಾಗುವುದು, ಬೆಳಕು ತಿರುಗಿಸುವ ಗುಣ ಅಳಿಯುವುದು. ಎರಡನೆಯದು ಮೊದಲನೆಯದರ ಎರಡು ಪಟ್ಟು. ಮಗುಚಿದ ಪ್ರತಿ ಅಣುವೂ ಮಗುಚದ ಇನ್ನೊಂದರ ಗುಣವನ್ನು ಅಳಿಸುವುದರಿಂದ, ಪ್ರತಿ ಬದಲಾವಣೆಯಲ್ಲೂ ಅಣು ಮಗುಚಿದರಷ್ಟೇ ಈ ಲೆಕ್ಕ ಕೂಡುತ್ತದೆ. ಹೊಸ ಅಯಾನು, ಹೊರಹೋಗುವ ಅಯೋಡಿನ್ನಿನ ಎದುರು ಬದಿಯಿಂದ ನುಗ್ಗುತ್ತದೆ. ಇದನ್ನೇ ರಸಾಯನಶಾಸ್ತ್ರಜ್ಞ ಇಂಗೋಲ್ಡ್ ಎಸ್‌ಎನ್2 ಎಂದ. ಹ್ಯಾಲೋಜನ್ ಮೊದಲೇ ಕಳಚಿಕೊಳ್ಳುವ ಬಗೆ ಎಸ್‌ಎನ್1.

ಆದರೆ ಕ್ರಿಯಾವಿಧಾನದ ಚರ್ಚೆ ಇನ್ನೂ ಮುಗಿದಿಲ್ಲ: ಕ್ಲೋರೈಡ್ ಅಯಾನು ಮೀಥೈಲ್ ಅಯೋಡೈಡಿಗೆ ಡಿಕ್ಕಿ ಹೊಡೆದಾಗ ಕೆಲವೊಮ್ಮೆ ಅಣುವಿನ ಮೀಥೈಲ್ ಗುಂಪು ಅಯೋಡಿನ್ನಿನ ಸುತ್ತ ಪೂರ್ತಿ ಒಂದು ಸುತ್ತು ತಿರುಗಿದ ಬಳಿಕವೇ ಕ್ರಿಯೆ ನಡೆಯುತ್ತದೆಂದು 2008ರಲ್ಲಿ ಅನಿಲ ಸ್ಥಿತಿಯ ಪ್ರಯೋಗಗಳು ತೋರಿಸಿದವು.